ಪಕ್ಕದಲ್ಲೇ ಇರುವವರನ್ನು ನೆನೆದು ಅಳುವುದು

ತುಮಕೂರು ಜಿಲ್ಲೆಯಿಂದ ಪತ್ರ ಬರೆದಿರುವ ಸೋದರಿಗೆ,

ಎರಡು ವರ್ಷದ ಹಿಂದೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ನಿಮ್ಮ ಯಜಮಾನರು ಈಗ ನಡೆದಾಡುತ್ತಾರೆ, ಬಂದವರನ್ನು ಗುರುತಿಸಿ ಮಾತನಾಡಿಸುತ್ತಾರೆ. ಆದರೆ ಬೆಳಗ್ಗೆ ಹೇಳಿದ್ದು ಸಂಜೆಗೆ ನೆನಪಿರುವುದಿಲ್ಲ, ಸಾರಿನಲ್ಲಿ ಉಪ್ಪು ಹೆಚ್ಚಾಯಿತೆಂದು ತಟ್ಟೆ ಎಸೆದ ದಿನವೂ ಉಂಟು ಎಂದಿದ್ದೀರಿ. ನೆಂಟರೆಲ್ಲ ‘ಹುಷಾರಾಗಿದ್ದಾರಲ್ಲ, ಇನ್ನೇನು’ ಎನ್ನುತ್ತಿರುವಾಗ, ಪಕ್ಕದಲ್ಲೇ ಕುಳಿತ ಗಂಡನನ್ನು ನೆನೆದು ಅಳುವುದು ತಪ್ಪೇ ಎಂದು ಕೇಳಿದ್ದೀರಿ. ಆ ಸಾಲನ್ನು ನಾನು ಮೂರು ಸಲ ಓದಿದೆ.

ಖಂಡಿತ ತಪ್ಪಲ್ಲ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ವಿಮಾನ ಚಾಲಕರ ಕುಟುಂಬಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್, ಇದ್ದಾರೆಂದೂ ಇಲ್ಲವೆಂದೂ ಹೇಳಲಾಗದ ಇಂಥ ಅಗಲಿಕೆಗೆ ‘ಆಂಬಿಗ್ಯುಯಸ್ ಲಾಸ್’, ಅಂದರೆ ಅಸ್ಪಷ್ಟ ಅಗಲಿಕೆ, ಎಂದು ಹೆಸರು ಕೊಟ್ಟರು. ಕಣ್ಣೆದುರಿಗಿದ್ದೂ ಮನಸ್ಸಿನಿಂದ ದೂರವಾದವರ ಮನೆಯವರ ಸಂಕಟವನ್ನೂ ಅದರಲ್ಲೇ ಸೇರಿಸಿದರು. ತೀರಿಕೊಂಡವರಿಗಾದರೆ ಹನ್ನೊಂದನೆಯ ದಿನವಿದೆ, ವೈಕುಂಠ ಸಮಾರಾಧನೆಯಿದೆ, ಬಂದು ಜೊತೆಗೆ ಅಳುವ ಜನರಿದ್ದಾರೆ. ನಿಮ್ಮ ದುಃಖಕ್ಕೆ ಯಾರೂ ಒಂದು ದಿನವನ್ನೂ ಗೊತ್ತುಮಾಡಿಲ್ಲ.

ಸಿಟ್ಟಿಗೆ ಕಡಿವಾಣ ಹಾಕುವುದು ಹಣೆಯ ಹಿಂದಿರುವ ಮಿದುಳಿನ ಭಾಗ. ಅಲ್ಲಿ ಘಾಸಿಯಾದವರು ತಮಗೇನೂ ಆಗಿಲ್ಲವೆಂದು ವಾದಿಸುವುದೂ ಆ ಗಾಯದ್ದೇ ಲಕ್ಷಣವಾಗಿರಬಹುದು. ಆದ್ದರಿಂದ ಅವರನ್ನು ವಾದದಲ್ಲಿ ಒಪ್ಪಿಸಲು ಹೋಗಬೇಡಿ. ತಟ್ಟೆ ಹಾರಿದ್ದು ರಾತ್ರಿ ಎಂಟಕ್ಕೆ, ಟಿವಿ, ಕುಕ್ಕರಿನ ಸೀಟಿ, ಮಗಳ ಮಗ್ಗಿ ಎಲ್ಲವೂ ಒಟ್ಟಿಗೆ ನಡೆದಿದ್ದಾಗ ಎಂದು ನೀವೇ ಬರೆದಿದ್ದೀರಿ. ಪೆಟ್ಟು ತಿಂದ ಮಿದುಳು ಬೇಗ ದಣಿಯುತ್ತದೆ, ಹತ್ತು ಸದ್ದಿನ ನಡುವೆ ಒಂದನ್ನು ಆರಿಸಿ ಕೇಳುವುದು ಅದಕ್ಕೆ ಭಾರ. ಊಟಕ್ಕೆ ಮುಂಚೆ ಅರ್ಧ ಗಂಟೆ ಅವರು ಒಳಕೋಣೆಯಲ್ಲಿ ದೀಪ ಆರಿಸಿ ಮಲಗಿರಲಿ. ಮಾತ್ರೆ ನುಂಗಿದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅವರ ಕೈಯಿಂದಲೇ ಬರೆಸಿ. ಇಷ್ಟಾಗಿಯೂ ಅವರು ಕೈ ಎತ್ತಿದರೆ ಸಹಿಸಿಕೊಳ್ಳಬೇಡಿ. ಮಗಳನ್ನು ಕರೆದುಕೊಂಡು ಆ ಕ್ಷಣ ಹೊರಗೆ ಬನ್ನಿ, ನಡೆದದ್ದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ, ಅದಕ್ಕೂ ಚಿಕಿತ್ಸೆಯುಂಟು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗೆ ನೆರವಾಗುವ ಪುನಶ್ಚೇತನ ವಿಭಾಗವಿದೆ. ಮುಂದಿನ ಸಲ ಅಲ್ಲಿಗೆ ಹೋಗುವಾಗ ನಿಮ್ಮ ಮೈದುನನನ್ನೂ ಜೊತೆಗೆ ಕರೆದೊಯ್ಯಿರಿ. ನೀವು ಹೇಳಿದರೆ ನಂಬದವರು ವೈದ್ಯರ ಬಾಯಿಂದ ಕೇಳಲಿ. ರಾತ್ರಿ ನಿದ್ದೆ ಬಾರದಿದ್ದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ನೀವೇ ಕರೆ ಮಾಡಬಹುದು. ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಅಣ್ಣನ ಬಳಿ ವಾರಕ್ಕೊಂದು ದಿನ ಕುಳಿತುಕೊಳ್ಳಬೇಕೆಂದು ಮೈದುನನನ್ನು ಸಂಕೋಚವಿಲ್ಲದೆ ಕೇಳಿ. ಅಪಘಾತವಾದ ಮೇಲೆ ತವರಿಗೆ ಒಮ್ಮೆಯೂ ಹೋಗಿಲ್ಲವೆಂದು ಪತ್ರದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಮೊದಲ ವಾರ ಅಲ್ಲಿಗೆ ಹೋಗಿ ಬನ್ನಿ.

– ಸಂ.