ಫೋಲ್ಡಿಂಗ್ ಸೈಕಲ್ಲಿಗೆ ಸೀಟು ಹುಡುಕೋ ಮೊದ್ಲು ಒಂದು ರಟ್ಟು, ಒಂದು ಟೇಪಿನ ತುಣುಕು

ಅಕ್ಕಾರ, ನಿಮ್ಮ ಪೋಸ್ಟ್ ನಿನ್ನೆ ರಾತ್ರೀನ ಓದಿದ್ದೆ, ಆದ್ರ ಎರಡು ಸಾಲಿನ್ಯಾಗ ಹೇಳಿ ಮುಗ್ಸೋ ಮಾತಲ್ಲ ಅಂತ ಈಗ ಟ್ರೇನಿನ್ಯಾಗ ಕುಂತು ಟೈಪ್ ಮಾಡಾಕತ್ತೀನಿ, ತಪ್ಪಿದ್ರ ಹೊಟ್ಯಾಗ ಹಾಕ್ಕೋರಿ. ನೀವು ಬರ್ದಿದ್ದು ಇಷ್ಟು: ಧಾರವಾಡದ ಸಪ್ತಾಪುರದಾಗ ಮನಿ, 20 ಇಂಚ್ ಗಾಲಿಯ ಫೋಲ್ಡಿಂಗ್ ಸೈಕಲ್ ತಗೊಂಡು ತಿಂಗ್ಳಾತು, ಮುಂಜಾನೆ ಕೆಲಗೇರಿ ಕೆರಿ ಕಡೆ ಒಂದು ರೌಂಡ್ ಹೊಡೀತೀರಿ, ಇಪ್ಪತ್ತು ನಿಮಿಷಕ್ಕ ಕುಂಡ್ರಾಕ ಆಗೂದಿಲ್ಲ, ಸೀಟಿಗೆ ಮೆತ್ತನ್ನ ಜೆಲ್ ಕವರ್ ಹಾಕಿದ ಮ್ಯಾಲ ಇನ್ನೂ ಹೆಚ್ಚಾತು, ಮುಂದಿನ ಭಾಗ ಜೋಮು ಹಿಡೀತೈತಿ, 1500ರೊಳಗ ಛಲೋ ಮೆತ್ತನ್ನ ಸೀಟು ಯಾವುದು ಹೇಳ್ರಿ ಅಂತ. ಕೆಳಗ ನಾಕೈದು ಮಂದಿ ಲಿಂಕ್ ಮ್ಯಾಲ ಲಿಂಕ್ ಹಾಕ್ಯಾರ. ಸದ್ಯಕ್ಕ ಯಾವುದೂ ಆರ್ಡರ್ ಮಾಡಬ್ಯಾಡ್ರಿ.

ನಂದೂ ಅದ ಕಥಿ ಆಗಿತ್ತು. ಗದಗಿನಿಂದ ಹುಬ್ಬಳ್ಳಿಗೆ ದಿನಾ ಟ್ರೇನಿಗೆ ಓಡಾಡಾಕಿ ನಾನು, ಸ್ಟೇಶನ್ನಿನಿಂದ ಗೋಕುಲ ರೋಡಿಗೆ ಆಟೋ ಕೊಟ್ಟು ಕೊಟ್ಟು ಸಾಕಾಗಿ ಫೋಲ್ಡಿಂಗ್ ಸೈಕಲ್ ತಗೊಂಡೆ. ಮೊದಲ ವಾರನ ಬ್ಯಾನಿ ಶುರು ಆತು. ಒಂದು ಅಂಗಡ್ಯಾಗ ಕೇಳಿದ್ರ ಅವ್ರು ಸೋಫಾದಂಥಾ ಅಗಲ ಸೀಟು ಹಾಕಿ ಕಳ್ಸಿದ್ರು, 900 ಹೋತು. ಕುಂತಾಗ ಆಹಾ ಅನಿಸ್ತು ನೋಡ್ರಿ, ಮೊದಲ ಐದು ನಿಮಿಷ. ಆಮ್ಯಾಲ ತೊಡಿ ಎರಡೂ ಕಡೆ ತಿಕ್ಕಿ ತಿಕ್ಕಿ ಕೆಂಪಾಗಿ, ಮನಿಗೆ ಬಂದು ಕೊಬ್ಬರೆಣ್ಣಿ ಹಚ್ಕೊಂಡು ಮಕಾಡ ಮಲ್ಕೊಂಡೆ. ನಮ್ಮನಿಯವ್ರು ನಕ್ಕೊಂತ ಗಾದಿ ಹಾಕ್ಕೊಡ್ಲೇನು ಅಂದ್ರು.

ಮೆತ್ತಗಿದ್ರ ಆರಾಮ ಅನ್ನೋದು ಕುರ್ಚಿಗೆ ಖರೇ, ಸೈಕಲ್ಲಿಗೆ ಅಲ್ಲ. ನಾವು ಕುಂಡ್ರೂದು ಎರಡು ಕುಂಡಿ ಎಲುಬಿನ ಮ್ಯಾಲ, ನೆಲದ ಮ್ಯಾಲ ಕುಂತಾಗ ಗಟ್ಟಿ ತಾಕ್ತಾವಲ್ಲ, ಅವು. ಜೆಲ್ ಕವರ್ ದಪ್ಪಗಿದ್ದಷ್ಟು ಆ ಎಲುಬು ಎರಡೂ ಒಳಗ ಇಳೀತಾವ, ಅವು ಇಳಿದಷ್ಟು ನಡುವಿನ ಜೆಲ್ ಮ್ಯಾಲ ಉಬ್ಬಿ ಬಂದು ನಾಜೂಕು ಜಾಗಾಕ್ಕ ಒತ್ತತೈತಿ. ಅಲ್ಲೆ ನರ, ರಕ್ತನಾಳ ಅದಾವ, ಜೋಮು ಹಿಡಿಯೂದು ಅದಕ್ಕ. ಹಿಂಗಾಗಿ ನಿಮಗ ಕವರ್ ಹಾಕಿದ ಮ್ಯಾಲ ಹೆಚ್ಚಾಗಿದ್ದು. ಇವತ್ತ ಆ ಕವರ್ ತಗ್ದು ಇಡ್ರಿ, ಅಡಗಿಮನಿ ಸ್ಟೂಲಿಗೆ ಬೇಕಾದ್ರ ಹಾಕ್ರಿ.

ಇನ್ನ ಫೋಲ್ಡಿಂಗಿಗೆ ಬ್ಯಾರೆ ಎರಡು ತೊಂದ್ರಿ ಅದಾವ. ಒಂದು, ಹ್ಯಾಂಡಲ್ ಎತ್ತರ, ಬೆನ್ನು ನೆಟ್ಟಗ ಇಟ್ಕೊಂಡು ಕುಂಡ್ರತೀವಿ, ಭಾರ ಕೈಗೆ ಹಂಚೂದಿಲ್ಲ, ಎಲ್ಲಾ ಸೀಟಿಗೇ. ಎರಡು, ಸಣ್ಣ ಗಾಲಿ ದೊಡ್ಡ ಗಾಲಿಯಂಗ ತಗ್ಗು ದಾಟೂದಿಲ್ಲ, ತಗ್ಗಿನ್ಯಾಗ ಇಳಿದು ಏಳತೈತಿ, ಪ್ರತಿ ಏಟೂ ಸೀದಾ ಬೆನ್ನಿಗೆ. ನಮ್ಮ ಹುಬ್ಬಳ್ಳಿ ರೋಡು ನಿಮಗ ಗೊತ್ತೈತೆಲ್ಲ, ಮಳಿಗಾಲ ಮುಗಿದ ಮ್ಯಾಲಂತೂ ರೋಡ್ ಹುಡುಕಬೇಕು.

ಆದ್ರ ಎಲ್ಲಾದಕ್ಕಿಂತ ದೊಡ್ಡ ಕಾರಣ ನನಗ ತಿಳೀಲಿಕ್ಕೆ ಎರಡು ತಿಂಗ್ಳು ಹಿಡೀತು. ದಿನಾ ಸೀಟು ಕೆಳಗ ಇಳ್ಸಿ ಮಡಚ್ತೀನಿ, ಹುಬ್ಬಳ್ಯಾಗ ಇಳಿದು ಬಿಚ್ಚಿ ಮ್ಯಾಲ ಎಳೀತೀನಿ, ಹಿಂದಿಂದ ಮಂದಿ ದಬ್ಬಾಡ್ತಿರ್ತಾರ, ಅಂದಾಜಿನ್ಯಾಗ ಸೀಟಿನ ಪೈಪ್ ಬಿಗಿ ಹಿಡಿಯೋ ಕ್ಲಾಂಪ್ ಒತ್ತಿ ಹೊಂಟ್ಬಿಡ್ತಿದ್ದೆ. ಒಂದಿನ ಎರಡು ಸೆಂಟಿಮೀಟರ್ ಕಡಿಮಿ, ಒಂದಿನ ಮೂರು ಹೆಚ್ಚು, ಒಂದಿನ ಸೀಟಿನ ಮೂತಿ ಎಡಕ್ಕ ವಾಲಿರತಿತ್ತು. ಸೋಮವಾರ ಆರಾಮ, ಮಂಗಳವಾರ ಬ್ಯಾನಿ, ನಾನು ಸೀಟಿಗೆ ಬೈಕೋಂತ ಅಡ್ಡಾಡಿದ್ದು! ಮಾಮೂಲಿ ಸೈಕಲ್ಲಿನ್ಯಾಗ ಒಂದ್ಸಲ ಪಾನಾ ಹಾಕಿ ಬಿಗಿದ್ರ ವರ್ಷಗಟ್ಲೆ ಅಲ್ಲೇ ಇರತೈತಿ, ನಮ್ಮದು ದಿನಾ ಹೊಸಾ ಸೈಕಲ್.

ಅದಕ್ಕ ಮೊದ್ಲು ಎತ್ತರ ಸರಿ ಮಾಡ್ಕೋರಿ. ಗ್ವಾಡಿ ಬಾಜು ಸೈಕಲ್ ನಿಲ್ಸಿ, ಒಂದು ಕೈ ಗ್ವಾಡಿಗೆ ಕೊಟ್ಟು ಸೀಟಿನ ಮ್ಯಾಲ ಕುಂಡ್ರಿ, ದಿನಾ ಹಾಕ್ಕೊಳ್ಳೋ ಚಪ್ಪಲ್ ಇಲ್ಲಾ ಶೂ ಹಾಕ್ಕೊಂಡನ. ಪೆಡಲ್ ಪೂರಾ ಕೆಳಗ ತಂದು ಹಿಮ್ಮಡ ಅದರ ಮ್ಯಾಲ ಇಡ್ರಿ. ಕಾಲು ನೆಟ್ಟಗ ಆಗಬೇಕು, ಸೊಂಟ ಆ ಕಡೆ ವಾಲಬಾರ್ದು. ಆಮ್ಯಾಲ ತುಳಿಯೂವಾಗ ಬೆರಳಿನ ಬುಡದ ಭಾಗ ಪೆಡಲ್ ಮ್ಯಾಲ ಬರತೈತಿ, ಆವಾಗ ಮಳಕಾಲು ಒಂದೀಟು ಮಡಚಿರತೈತಿ, ಅಷ್ಟು ಸಾಕು. ಈ ಎತ್ತರಕ್ಕ ಸೀಟ್ ಪೈಪಿನ ಮ್ಯಾಲ, ಸರಿಯಾಗಿ ಕ್ಲಾಂಪಿನ ಅಂಚಿಗೆ, ಇಲೆಕ್ಟ್ರಿಕ್ ಟೇಪ್ ಒಂದು ಸುತ್ತು ಸುತ್ರಿ. ನಂದು ಕೆಂಪು ಟೇಪ್, ಕತ್ತಲದಾಗೂ ಕಾಣತೈತಿ. ಟೇಪ್ ಕ್ಲಾಂಪಿಗೆ ಮುಟ್ಟೋ ತನಕ ಎಳಿ, ಮೂತಿ ನೆಟ್ಟಗ ಐತೇನು ನೋಡು, ಒತ್ತು, ನಡಿ. ಎತ್ತರದ ಗಂಡಸ್ರು ಯಾರಾರ ಓದಾಕತ್ತಿದ್ರ, ಪೈಪಿನ ಮ್ಯಾಲ ಕಂಪನಿಯವ್ರು ಒಂದು ಗೆರಿ ಹೊಡ್ದಿರ್ತಾರ, ಅದು ಹೊರಗ ಕಾಣೂವಷ್ಟು ಎಳೀಬ್ಯಾಡ್ರಿ, ಪೈಪ್ ಇಲ್ಲಾ ಫ್ರೇಮ್ ಮುರೀತೈತಿ.

ಇಷ್ಟು ಎತ್ತರ ಮಾಡಿದ್ರ ನೆಲಕ್ಕ ಎರಡೂ ಕಾಲು ಹತ್ತೂದಿಲ್ಲ ಅಂತ ನೀವು ಅಂಜ್ತೀರಿ, ನಂಗೊತ್ತು, ನಾನೂ ಹಂಗ ಅಂಜಿ ಕೆಳಗ ಇಟ್ಟಿದ್ದೆ. ಸೀಟು ತಗ್ಗಿದ್ರ ಮಳಕಾಲು ಎದಿತನಕ ಬರತಾವ, ಕಾಲಿಗೆ ಒತ್ತು ಸಿಗೂದಿಲ್ಲ, ಪೂರಾ ಭಾರ ಸೀಟಿಗೆ ಬೀಳತೈತಿ. ಸಿಗ್ನಲ್ಲಿಗೆ ನಿಲ್ಲೂವಾಗ ಸೀಟಿನಿಂದ ಮುಂದ ಜಾರಿ ಒಂದು ಕಾಲು ನೆಲಕ್ಕ ಇಡ್ರಿ, ಸೀಟಿನ ಮ್ಯಾಲ ಕುಂತು ನಿಲ್ಲೂದು ಬ್ಯಾಡ. ಎಂಟು ದಿವ್ಸಕ್ಕ ರೂಢಿ ಆಗತೈತಿ.

ಟೇಪ್ ಹಚ್ಚಿದ ಮ್ಯಾಲೂ ಸೀಟು ನಡುದಾರಿಯೊಳಗ ನಿಧಾನಕ್ಕ ಇಳೀತಿದ್ರ ಪೈಪಿಗೆ ಎಣ್ಣಿ ಹತ್ತಿರತೈತಿ. ನಮ್ಮನಿಯವ್ರು ಒಂದಿನ ಪ್ರೀತಿಲೆ ಪೈಪಿಗೆಲ್ಲಾ ಗ್ರೀಸ್ ಬಳ್ದು ಕೊಟ್ಟಿದ್ರು, ಗೋಕುಲ ರೋಡಿನ ತನಕ ನಾನು ಲಿಫ್ಟಿನ್ಯಾಗ ಇಳಿದಂಗ ಇಳ್ಕೋಂತ ಹೋದೆ. ಹಳೇ ಅರಬಿಗೆ ಒಂಚೂರು ಪೆಟ್ರೋಲ್ ಹಚ್ಚಿ ಪೈಪು, ಪೈಪ್ ಇಳಿಯೋ ತೂತಿನ ಒಳಗ ಎರಡೂ ಒರ್ಸಿ ಒಣಗ್ಸಿದ್ರ ಸಾಕು. ಇಷ್ಟಾಗಿಯೂ ಇಳಿದ್ರ ಕ್ಲಾಂಪಿನ ನಟ್ ಅರ್ಧ ಸುತ್ತು ಬಿಗೀರಿ, ಲಿವರ್ ಒತ್ತಿದಾಗ ಅಂಗೈಯೊಳಗ ಗುರ್ತು ಬೀಳೂವಷ್ಟು ಬಿಗಿ ಇರಬೇಕು.

ಸೀಟಿನ ಮೂತಿ ಮ್ಯಾಲಿದ್ರೂ ಜೋಮು ಹಿಡೀತೈತಿ, ನಿಮ್ಮ ಫೋಟೋದಾಗ ನನಗ ಹಂಗ ಕಂಡಿತು, ಸರಿಯಾಗಿ ಹೇಳಾಕ ಬರವಲ್ದು. ಸೀಟಿನ ಮ್ಯಾಲ ಒಂದು ದಪ್ಪ ಪುಸ್ತಕ, ಅದರ ಮ್ಯಾಲ ಮೊಬೈಲ್ ಇಟ್ಟು ಲೆವೆಲ್ ಆಪ್ ಹಚ್ರಿ. ಸಪಾಟು ಇರಬೇಕು, ಇಲ್ಲಾ ಮೂತಿ ಒಂದೆರಡು ಡಿಗ್ರಿ ಕೆಳಗ. ಅದಕ್ಕಿಂತ ಬಗ್ಸಿದ್ರ ಮುಂದ ಜಾರ್ಕೋಂತ ಹೋಗಿ ಕೈ ಬ್ಯಾನಿ ಶುರು ಆಗತೈತಿ. ಫೋಲ್ಡಿಂಗಿನ ಸೀಟ್ ಪೈಪು ಹಿಂದಕ್ಕ ವಾಲಿರತೈತಿ, ಮ್ಯಾಲ ಎತ್ತಿದಷ್ಟು ಸೀಟು ಹ್ಯಾಂಡಲ್ಲಿನಿಂದ ದೂರ ಹೋಗತೈತಿ, ಹಿಂಗಾಗಿ ಎತ್ತರ ಬದಲಿಸಿದ ಮ್ಯಾಲ ಸೀಟಿನ ಕೆಳಗಿನ ಕಂಬಿ ಮ್ಯಾಲ ಒಂದು ಸೆಂಟಿಮೀಟರ್ ಮುಂದ ಸರ್ಸಬೇಕಾಗಬಹುದು. ಹ್ಯಾಂಡಲ್ ಏರಿಳ್ಸಾಕ ಬರತಿದ್ರ ಎರಡು ಬೆರಳಷ್ಟು ಇಳ್ಸಿ ನೋಡ್ರಿ, ಸ್ವಲ್ಪ ಭಾರ ಕೈಗೆ ಹೋಗತೈತಿ. ಒಂದ್ಸಲಕ್ಕ ಒಂದನ್ನ ಬದಲಿಸ್ರಿ, ಎರಡು ದಿವ್ಸ ಹೊಡೀರಿ, ಆಮ್ಯಾಲ ಇನ್ನೊಂದು. ಎಲ್ಲಾ ಒಂದ ದಿನ ತಿರುವಿದ್ರ ಯಾವುದರಿಂದ ಕಡಿಮಿ ಆತು ತಿಳಿಯೂದಿಲ್ಲ.

ಹವಾ ಬಗ್ಗೆ ಯಾರೂ ಬರ್ದಿಲ್ಲ ಕೆಳಗ, ಆಶ್ಚರ್ಯ. ಟೈರಿನ ಬಾಜುಕ್ಕ ಕಡಿಮಿ ಎಷ್ಟು ಹೆಚ್ಚು ಎಷ್ಟು ಅಂತ ಪಿಎಸ್‌ಐ, ಅಂದ್ರ ಹವಾದ ಒತ್ತಡದ ಅಳತಿ, ಬರ್ದಿರತಾರ. ನಂದು 20 ಇಂಟು 1.75 ಟೈರು, 40ರಿಂದ 65 ಅಂತ ಐತಿ. ಅಂಗಡಿಯವ ಕಲ್ಲಿನಂಗ 65 ತುಂಬಿ ಕೊಟ್ಟಿದ್ದ, ನಾನು 62 ಕೆಜಿ, ಹಿಂದ 50, ಮುಂದ 45 ಮಾಡ್ದೆ, ಅರ್ಧ ಹೊಡ್ತ ಅಲ್ಲೇ ಕಡಿಮಿ ಆತು, ಒಂದು ರೂಪಾಯಿ ಖರ್ಚಿಲ್ದ. ಪೆಟ್ರೋಲ್ ಬಂಕಿನ್ಯಾಗ ತುಂಬ್ಸೋರು ನೋಡ್ಕೊಂಡು ತುಂಬ್ಸ್ರಿ, ಟ್ಯೂಬ್ ಸಣ್ಣದು, ಕಣ್ಣು ಮಿಟಿಕಿಸೋದ್ರೊಳಗ ತುಂಬತೈತಿ. ಭಾಳ ಕಡಿಮಿ ಮಾಡಿದ್ರ ತಗ್ಗಿನ್ಯಾಗ ರಿಮ್ ಬಡ್ದು ಪಂಚರ್, ಅದೂ ಬ್ಯಾಡ.

ಇಷ್ಟೆಲ್ಲಾ ಮಾಡಿ ಹತ್ತು ದಿವ್ಸ ಹೊಡ್ದ ಮ್ಯಾಲೂ ಬ್ಯಾನಿ ಇದ್ರ ಆವಾಗ ಸೀಟು ಬದಲಿ ಮಾಡೋಣ. ಅದಕ್ಕ ನೋಡಬೇಕಾದ್ದು ಅಗಲ. ಟಿವಿ ಫ್ರಿಜ್ ಬಾಕ್ಸಿನ ರಟ್ಟು, ಒಳಗ ಅಲಿ ಅಲಿ ಇರತೈತೆಲ್ಲ ಅದು, ಒಂದು ತುಣುಕು ಮನಿ ಮೆಟ್ಟಿಲ ಮ್ಯಾಲ ಹಾಕ್ರಿ. ತೆಳ್ಳನ ಪೈಜಾಮಾ ಹಾಕ್ಕೊಂಡು ಅದರ ಮ್ಯಾಲ ಕುಂತು, ಹಿಮ್ಮಡ ಎತ್ತಿ ತುದಿಗಾಲ ಮ್ಯಾಲ ಇಟ್ಟು, ಅರ್ಧ ನಿಮಿಷ ಭಾರ ಹಾಕ್ರಿ. ಎದ್ದು ರಟ್ಟನ್ನ ಕಿಡಕಿ ಬೆಳಕಿಗೆ ಓರೆ ಹಿಡಿದ್ರ ಎರಡು ತಗ್ಗು ಕಾಣ್ತಾವ, ಕಾಣಲಿಲ್ಲಂದ್ರ ಸೀಮೆಸುಣ್ಣ ಅಡ್ಡ ಹಿಡಿದು ಹಗೂರಕ ತಿಕ್ಕ್ರಿ, ತಗ್ಗು ಬಿಟ್ಟು ಉಳಿದಲ್ಲೆಲ್ಲಾ ಬಣ್ಣ ಹತ್ತತೈತಿ. ಆ ತಗ್ಗಿನ ನಡುವಿನಿಂದ ಇನ್ನೊಂದರ ನಡುವಿನ ತನಕ ಅಳೀರಿ. ನಂದು ಹನ್ನೆರಡೂವರೆ ಸೆಂಟಿಮೀಟರ್ ಬಂತು. ಮುಂದ ಬಗ್ಗಿ ರೇಸ್ ಹೊಡಿಯೋರು ಅದಕ್ಕ ಎರಡು ಸೆಂಟಿಮೀಟರ್ ಕೂಡಸ್ತಾರ, ನಮ್ಮಂಗ ನೆಟ್ಟಗ ಕುಂಡ್ರೋರು ಮೂರರಿಂದ ನಾಕು. ನಂದು 16 ಸೆಂಟಿಮೀಟರಿನ ಸೀಟು ಬೇಕಿತ್ತು, ಅಂಗಡಿಯವ ಹಾಕಿದ ಸೋಫಾ 25 ಇತ್ತು, ತೊಡಿ ತಿಕ್ಕದ ಏನು ಮಾಡತೈತಿ. ಹೆಂಗಸರಿಗೆ ಸೊಂಟದ ಎಲುಬು ಸಾಮಾನ್ಯ ಅಗಲ ಇರತೈತಿ ಖರೇ, ಆದ್ರ ದೇಹ ದಪ್ಪ ಇದ್ದವ್ರಿಗೆ ಎಲುಬೂ ಅಗಲ ಅಂತೇನಿಲ್ಲ, ನಮ್ಮ ನೆಗೆಣ್ಣಿ ತೆಳ್ಳಗದಾಳ, ಆಕಿದು ನನ್ಕಿಂತ ಹೆಚ್ಚು ಬಂತು. ಅಳತಿ ಮಾಡ್ದ ತಗೋಬ್ಯಾಡ್ರಿ, ಇಷ್ಟ.

ಮೆತ್ತನ್ನದು ಬ್ಯಾಡ, ಬೆರಳಿಲೆ ಒತ್ತಿದ್ರ ಒಂದೀಟು ಮಾತ್ರ ಒಳಗ ಹೋಗೂವಂಥಾದ್ದು, ನಡುವ ಉದ್ದಕ ಕಾಲುವಿ ಇಲ್ಲಾ ತೂತು ಇದ್ದದ್ದು ನಿಮ್ಮ ಜೋಮಿಗೆ ಛಲೋ. ಸ್ಪ್ರಿಂಗ್ ಸೀಟು ಹಾಕ್ಕೋರಿ ಅಂತ ಒಬ್ಬ ಅಣ್ಣಾರು ಬರ್ದಾರ. ನಮ್ಮಪ್ಪನ ಹಳೇ ಸೈಕಲ್ಲಿನ ಸ್ಪ್ರಿಂಗ್ ಸೀಟಿನ ಮ್ಯಾಲ ಎರೆ ಹೊಲದ ದಾರಿಯೊಳಗ ನಾನೂ ಕುಂತಾಕಿನ, ಅದರ ಸುಖಾನ ಬ್ಯಾರೆ. ಆದ್ರ ಮಡಚೋ ಸೈಕಲ್ಲಿಗೆ ಎರಡು ತ್ರಾಸ. ಸ್ಪ್ರಿಂಗ್ ನಾಕೈದು ಸೆಂಟಿಮೀಟರ್ ಎತ್ತರ ತಿಂತೈತಿ, ಮಡಚಿದಾಗ ಟ್ರೇನಿನ ಸೀಟಿನ ಕೆಳಗ ಹೋಗೂದಿಲ್ಲ. ಮತ್ತ ತೂಕ. ನಮ್ಮ ಹುಬ್ಬಳ್ಳಿ ಪ್ಲಾಟ್‌ಫಾರ್ಮು 1507 ಮೀಟರ್, ಜಗತ್ತಿನ್ಯಾಗ ಎಲ್ಲಾದಕ್ಕಿಂತ ಉದ್ದಂದು ಅಂತ ಎಲ್ಲಾರೂ ಹೆಮ್ಮಿಲೆ ಹೇಳ್ತಾರ, ಆ ತುದಿಗೆ ಬೋಗಿ ನಿಂತ ದಿವ್ಸ ಸೈಕಲ್ ಹೊತ್ಕೊಂಡು ಬಂದ್ರ ಗೊತ್ತಾಗತೈತಿ ಹೆಮ್ಮಿ ಎಷ್ಟು ಭಾರ ಅಂತ. ನೀವು ಮಡಚಿ ಬರೇ ಡಿಕ್ಕಿಯೊಳಗ ಇಡ್ತೀರಂದ್ರ ಸ್ಪ್ರಿಂಗ್ ನಡೀತೈತಿ. ಮೂತಿ ಇಲ್ದ ಸೀಟುನೂ ಬರತಾವ, ಆದ್ರ ಮಡಚಿದ ಸೈಕಲ್ಲನ್ನ ಎತ್ತಾಕ, ಎಳ್ಯಾಕ ನಮಗ ಆ ಮೂತಿನ ಹಿಡಿಕಿ, ಅದಕ್ಕ ನಾನು ಬ್ಯಾಡ ಅಂತೀನಿ.

ಚರ್ಮದ ಸೀಟು ಅಂದ್ರ ಇಂಗ್ಲೆಂಡಿನ ಬ್ರೂಕ್ಸ್, 1866ರಿಂದ ಇರೋ ಕಂಪನಿ, ಅವ್ರ ಬಿ 17 ಅನ್ನೋದು 17 ಸೆಂಟಿಮೀಟರಿನ ಆಸುಪಾಸು ಅಗಲ. ಗೆಳತಿ ಒಬ್ಬಾಕಿದು ಒಂದು ವಾರ ಇಸ್ಕೊಂಡು ಹೊಡ್ದೆ. ಮೊದ್ಲು ಕಟಗಿ ಮ್ಯಾಲ ಕುಂತಂಗ, ತಿಂಗ್ಳುಗಟ್ಲೆ ತುಳಿದ ಮ್ಯಾಲ ಅದು ಕುಂತವ್ರ ಎಲುಬಿನ ಆಕಾರಕ್ಕ ಇಳೀತೈತಿ, ಹೊಸಾ ಕೊಲ್ಹಾಪುರಿ ಚಪ್ಪಲ್ ಕಾಲಿಗೆ ಹೊಂದೋ ಹಂಗ. ನಿಮ್ಮ ಬಜೆಟ್ಟಿನ ಎಷ್ಟೋ ಪಟ್ಟು ಆಗತೈತಿ, ಮತ್ತ ಧಾರವಾಡದ ಜಿಟಿಜಿಟಿ ಮಳಿಯೊಳಗ ಚರ್ಮ ತೊಯ್ಸಿದ್ರಿ ಅಂದ್ರ ಜೋತು ಬಿದ್ದು ಕೆಡತೈತಿ. ಈಗ ಬ್ಯಾಡ.

ತಗೊಳ್ಳೂವಾಗ ಕೆಳಗಿನ ಕಂಬಿ ನೋಡ್ರಿ, ಎರಡು ದುಂಡನ ಕಂಬಿ, 7 ಮಿಲಿಮೀಟರ್ ದಪ್ಪ, ಇದ್ರ ಪೈಪಿನ ತುದಿಗೆ ಸೀಟು ಹಿಡಿಯೋ ಹೆಚ್ಚೂಕಡಿಮಿ ಎಲ್ಲಾ ಕ್ಲಿಪ್ಪಿಗೂ ಕುಂಡ್ರತೈತಿ. ಹಳೇ ನಮೂನಿ ನಾಕು ಕಂಬಿ ಸೀಟು ತಂದ್ರ ಮಿಸ್ತ್ರಿ ತಲಿ ತುರ್ಸ್ಕೋತಾನ. ಸಸ್ಪೆನ್ಶನ್ ಸೀಟ್ ಪೋಸ್ಟ್, ಅಂದ್ರ ಹೊಡ್ತ ತಾಳೂವಂಥಾ ಸೀಟ್ ಪೈಪಿನ ಬಗ್ಗೆನೂ ಕೇಳೀರಿ: ಫೋಲ್ಡಿಂಗಿನ ಪೈಪು ದಪ್ಪ, ಬ್ರಾಂಪ್ಟನ್ ಕಂಪನಿದು 31.8 ಮಿಲಿಮೀಟರ್, ಡಾಹನ್, ಟರ್ನ್ ಕಂಪನಿಗಳ ಭಾಳಷ್ಟು ಮಾಡೆಲ್ಲಿಗೆ 33.9, ಪ್ಯಾಟ್ಯಾಗ ಸಿಗೂ ಸಸ್ಪೆನ್ಶನ್ ಪೋಸ್ಟ್ ಹೆಚ್ಚಾಗಿ 27.2 ಇರ್ತಾವ, ನಡುವಿನ ಸಂದು ತುಂಬಾಕ ಬುಶ್ (ಬಳಿ) ಹಾಕಬೇಕು, ಮತ್ತ ಉದ್ದ ಸಾಲ್ತೈತೇನು ನೋಡಬೇಕು. ನಿಮ್ಮ ಪೈಪ್ ಅಳಿಯೂ ತನಕ ಅದರ ಮಾತು ಬಿಡ್ರಿ.

ಅರಬಿ ಬಗ್ಗೆ ಒಂದು ಮಾತು, ಹೆಂಗಸರ ಗ್ರೂಪಿನ್ಯಾಗಾದ್ರ ಇದನ್ನ ಮೊದ್ಲು ಬರೀತಿದ್ದೆ. ಜೀನ್ಸಿನ ನಾಕು ಹೊಲಿಗಿ ಕೂಡೋ ಗಂಟು ಸರಿಯಾಗಿ ಬ್ಯಾಡಾದ ಜಾಗಾದಾಗ ಬರತೈತಿ, ಅದನ್ನ ಹಾಕ್ಕೊಂಡು ಯಾವ ಸೀಟಿನ ಮ್ಯಾಲೂ ಆರಾಮ ಸಿಗೂದಿಲ್ಲ. ಪ್ಯಾಡ್ ಇರೋ ಸೈಕ್ಲಿಂಗ್ ಚಡ್ಡಿ ಒಂದು ತಗೊಂಡು ಸಲವಾರದ ಒಳಗ ಹಾಕ್ರಿ, 1500ರಾಗ ಸೀಟಿಗಿಂತ ಮೊದ್ಲು ಇದಕ್ಕ ಖರ್ಚು ಮಾಡ್ರಿ ಅಂತೀನಿ. ಅದರ ಒಳಗ ಮತ್ತೇನೂ ಹಾಕಬಾರ್ದು, ದಿನಾ ಒಗೀಬೇಕು. ದುಪಟ್ಟಾ ಕಟ್ಕೋರಿ, ಸಣ್ಣ ಗಾಲಿಗೆ ಲಗೂನ ಸಿಗತೈತಿ.

ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಎರಡೂ ಸಮ ಮಾಡಿ ಎದ್ದು ನಿಂತು ಹತ್ತು ಎಣಿಸ್ರಿ, ತಗ್ಗು ಕಂಡಾಗಂತೂ ಏಳಾಕ ಬೇಕು. ಇಷ್ಟು ಮಾಡಿದ್ರೂ ಇಳಿದು ಅರ್ಧ ತಾಸಾದ ಮ್ಯಾಲೂ ಜೋಮು ಹೋಗಲಿಲ್ಲ ಅಂದ್ರ, ಗಾಯ ಆತಂದ್ರ, ಸೈಕಲ್ ನಿಲ್ಸಿ ಡಾಕ್ಟರಿಗೆ ತೋರಿಸ್ರಿ.

ಅಣ್ಣಿಗೇರಿ ದಾಟಿತು, ಇನ್ನ ಸೀಟು ಇಳ್ಸಿದ್ದು ಎಳಿಯೋ ತಯಾರಿ ಮಾಡ್ಬೇಕು. ರಟ್ಟಿನ ಅಳತಿ ಎಷ್ಟು ಬಂತು ಇಲ್ಲೇ ಬರೀರಿ, ಬಾಜುದಿಂದ ಸೀಟಿನ ಫೋಟೋ ಒಂದು ಹಾಕ್ರಿ, ಕವರ್ ತಗ್ದು. ನನ್ನ ಹತ್ರ ನಡುವ ಕಾಲುವಿ ಇರೋ ಇನ್ನೊಂದು 16 ಸೆಂಟಿಮೀಟರಿನ ಸೀಟು ಅಟ್ಟದ ಮ್ಯಾಲ ಸುಮ್ನ ಕುಂತೈತಿ, ಅಳತಿ ಹೊಂದಿದ್ರ ಹುಬ್ಬಳ್ಳಿ ಸ್ಟೇಶನ್ನಿಗೆ ಬರ್ರಿ, ಕೊಡ್ತೀನಿ, ಹದಿನೈದು ದಿನ ಹೊಡ್ದು ನೋಡಿ ಆಮ್ಯಾಲ ಬೇಕಾದ್ರ ನಿಮ್ಮದು ತಗೋರಿ. ಸೋಫಾ ಸೀಟುನೂ ಐತಿ, ಅದನ್ನ ಯಾರೂ ಕೇಳಬ್ಯಾಡ್ರಿ, ನಮ್ಮತ್ತಿ ಹೂವು ಕಟ್ಟೂವಾಗ ಅದರ ಮ್ಯಾಲ ಕುಂಡ್ರತಾರ.