ಸ್ನಾನದ ಮನೆಯ ಹಸಿರು ತಂತಿ: ಬೇಕೇ, ಬೇಡವೇ?

ಓದುಗರ ಪತ್ರಗಳನ್ನು ಬಿಚ್ಚಿದಾಗಲೆಲ್ಲ ಅದೇ ಪ್ರಶ್ನೆ, ಅದೇ ಜಗಳ. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಫೇಸ್ ಯಾವುದು, ನ್ಯೂಟ್ರಲ್ ಯಾವುದು ಎಂಬಲ್ಲಿಂದ ಶುರು ಮಾಡುವ ತಾಳ್ಮೆ ನನಗಿಲ್ಲ.

ಪ್ರಶ್ನೆ: ಮನೆಯ ವಿದ್ಯುತ್ ಸುರಕ್ಷತಾ ತಪಾಸಣೆ ಮಾಡಿಸಿದೆವು. ‘ಸ್ನಾನದ ಮನೆಯಲ್ಲಿ ಪೂರಕ ಬಾಂಡಿಂಗ್ ಇಲ್ಲ’ ಎಂದು, ಅಂದರೆ ಅಲ್ಲಿನ ಲೋಹಗಳನ್ನು ಒಂದಕ್ಕೊಂದು ಜೋಡಿಸುವ ಹಸಿರು ತಂತಿ ಇಲ್ಲವೆಂದು, ವರದಿಯಲ್ಲಿ ಬರೆದಿದ್ದಾರೆ. ನಮ್ಮ ಎಲೆಕ್ಟ್ರಿಷಿಯನ್ ‘ಅರ್ಥಿಂಗ್ ಇದೆಯಲ್ಲ, ಇನ್ನೇಕೆ?’ ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಸದ್ಯಕ್ಕೆ ಇಬ್ಬರದನ್ನೂ ಬೇಡ. ಒಬ್ಬರು ತಂತಿ ಕಾಣಲಿಲ್ಲವೆಂದು ಬರೆದಿದ್ದಾರೆ, ಇನ್ನೊಬ್ಬರು ಎರಡು ಬೇರೆ ಕೆಲಸಗಳನ್ನು ಒಂದೇ ಎಂದುಕೊಂಡಿದ್ದಾರೆ. ಅಳತೆ ಮಾಡಿದವರು ಯಾರೂ ಇದ್ದಂತಿಲ್ಲ.

ಗೋಡೆಯ ಹೀಟರಿನೊಳಗೆ ಫೇಸ್ ತಂತಿ ಸಡಿಲಗೊಂಡು ಲೋಹದ ಕವಚಕ್ಕೆ ತಗುಲಿತು ಎನ್ನಿ. ಅರ್ಥ್ ತಂತಿಯಲ್ಲಿ ಭಾರಿ ಕರೆಂಟ್ ಹರಿದು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಸ್ವಿಚ್) ಬೀಳುತ್ತದೆ, ಸರಿ. ಬೀಳುವ ತನಕ ಏನಾಗುತ್ತದೆ? ಅಷ್ಟು ಕರೆಂಟ್ ಹರಿಯುವಾಗ ಅರ್ಥ್ ತಂತಿಯ ಉದ್ದಕ್ಕೂ ವೋಲ್ಟೇಜ್ ಏಳುತ್ತದೆ. ಫೇಸ್ ಮತ್ತು ಅರ್ಥ್ ತಂತಿಗಳು ಒಂದೇ ದಪ್ಪದವಾಗಿದ್ದರೆ 230 ವೋಲ್ಟಿನ ಸುಮಾರು ಅರ್ಧ, ಅಂದರೆ 115 ವೋಲ್ಟಿನಷ್ಟು, ಹೀಟರಿನ ಮೈಮೇಲೆ ಇರಬಹುದು. ನೆಲದೊಳಗಿಂದ ಬರುವ ಲೋಹದ ನೀರಿನ ಪೈಪು ಮಾತ್ರ ನೆಲದ ಮಟ್ಟದಲ್ಲೇ ಇರುತ್ತದೆ. ಒಂದು ಒದ್ದೆ ಕೈ ಹೀಟರಿನ ಮೇಲೆ, ಇನ್ನೊಂದು ನಲ್ಲಿಯ ಮೇಲೆ ಇದ್ದರೆ ಆ ವ್ಯತ್ಯಾಸವೆಲ್ಲ ಎದೆಯ ಮೂಲಕ ಹಾಯುತ್ತದೆ. ಎಂಸಿಬಿಗೆ ನಿಯಮ ಕೊಡುವ 0.4 ಸೆಕೆಂಡು ಒದ್ದೆ ಮೈಗೆ ಕಡಿಮೆ ಸಮಯವಲ್ಲ.

ಪೂರಕ ಬಾಂಡಿಂಗ್ ಎಂದರೆ ಆ ಹೀಟರಿನ ಅರ್ಥನ್ನೂ ಪೈಪನ್ನೂ ಅಲ್ಲೇ, ಗಿಡ್ಡ ತಂತಿಯಿಂದ ಜೋಡಿಸುವುದು. ಹೀಟರಿನ ವೋಲ್ಟೇಜ್ ಏರಿದರೆ ಪೈಪಿನದೂ ಜೊತೆಗೇ ಏರುತ್ತದೆ. ಎರಡೂ ಕೈಗಳ ನಡುವೆ ಉಳಿಯುವ ವ್ಯತ್ಯಾಸ ಅತ್ಯಲ್ಪ. ಕರೆಂಟನ್ನು ಭೂಮಿಗೆ ಇಳಿಸುವುದು ಅದರ ಕೆಲಸವಲ್ಲ. ‘ಅರ್ಥಿಂಗ್ ಇದೆಯಲ್ಲ’ ಎಂಬ ಮಾತು ಇಲ್ಲಿ ಉತ್ತರವಾಗದಿರುವುದು ಇದಕ್ಕೇ.

ಹಾಗೆಂದು ತಂತಿ ಇಲ್ಲದ ಸ್ನಾನದ ಮನೆಗಳೆಲ್ಲ ಅಪಾಯಕಾರಿಯೂ ಅಲ್ಲ. ಬ್ರಿಟನ್ನಿನ ವೈರಿಂಗ್ ನಿಯಮಾವಳಿ ಬಿಎಸ್ 7671, 2008ರ 17ನೇ ಆವೃತ್ತಿಯಲ್ಲಿ ಪೂರಕ ಬಾಂಡಿಂಗಿಗೆ ವಿನಾಯಿತಿ ಕೊಟ್ಟಿತು, ಮೂರು ಷರತ್ತುಗಳ ಮೇಲೆ. ಆ ಕೋಣೆಯ ಎಲ್ಲ ಸರ್ಕ್ಯೂಟುಗಳೂ ನಿಗದಿತ ಸಮಯದಲ್ಲಿ ಕಡಿತಗೊಳ್ಳಬೇಕು. ಎಲ್ಲಕ್ಕೂ, ದೀಪದ ಸರ್ಕ್ಯೂಟಿಗೂ ಸೇರಿ, 30 ಮಿಲಿಆಂಪಿಯರ್ ಆರ್‌ಸಿಡಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಇರಬೇಕು. ಹೊರಗಿನಿಂದ ಬರುವ ಲೋಹದ ಪೈಪುಗಳು ಮನೆಯ ಮುಖ್ಯ ಬಾಂಡಿಂಗಿಗೆ, ಅಂದರೆ ಅವನ್ನು ಮುಖ್ಯ ಅರ್ಥಿಗೆ ಜೋಡಿಸುವ ತಂತಿಗೆ, ಸರಿಯಾಗಿ ಸೇರಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ವಿನಾಯಿತಿ ಇಲ್ಲ. ‘ಆರ್‌ಸಿಡಿ ಹಾಕಿದ್ದೇವೆ, ಮುಗಿಯಿತು’ ಎನ್ನುವವರು ಮೂರನೆಯದನ್ನು ಓದಿರುವುದಿಲ್ಲ.

ಇನ್ನು ಸಿಕ್ಕ ಸಿಕ್ಕ ಲೋಹಕ್ಕೆಲ್ಲ ಹಸಿರು ತಂತಿ ಸುತ್ತಿ ಬಿಲ್ ಮಾಡುವ ಮಹಾನುಭಾವರು. ಟವೆಲ್ ಕಂಬಿ, ಕಿಟಕಿಯ ಚೌಕಟ್ಟು, ಪ್ಲಾಸ್ಟಿಕ್ ಪೈಪಿನ ತುದಿಯಲ್ಲಿರುವ ಲೋಹದ ನಲ್ಲಿ, ಯಾವುದನ್ನೂ ಬಿಡುವುದಿಲ್ಲ. ನೆಲದ ಸಂಪರ್ಕವೇ ಇಲ್ಲದ ತುಂಡು ಲೋಹಕ್ಕೆ ಬಾಂಡಿಂಗ್ ಬೇಕಿಲ್ಲ. ಕಟ್ಟಿದರೆ ಬೇರೆಲ್ಲಿಯದೋ ದೋಷದ ವೋಲ್ಟೇಜನ್ನು ನೀವೇ ಅದರವರೆಗೆ ಎಳೆದು ತಂದಂತೆ. ಅನುಮಾನವಿದ್ದರೆ ಆ ಲೋಹಕ್ಕೂ ಮನೆಯ ಅರ್ಥ್ ತಂತಿಗಳೆಲ್ಲ ಸೇರುವ ಮುಖ್ಯ ಅರ್ಥ್ ಟರ್ಮಿನಲ್ಲಿಗೂ ನಡುವಿನ ರೋಧ ಅಳೆಯಬೇಕು. ಅದು ಸುಮಾರು 23 ಕಿಲೋಓಮಿಗಿಂತ ಹೆಚ್ಚಿದ್ದರೆ ಅದರ ತಂಟೆಗೆ ಹೋಗಬೇಡಿ.

ಒಟ್ಟಿಗೇ ಮುಟ್ಟಬಹುದಾದ ಎರಡು ಲೋಹಗಳ ನಡುವಿನ ಬಾಂಡಿಂಗ್ ಸಾಲುತ್ತದೆಯೇ ಎಂದು ತಿಳಿಯಲೂ ಲೆಕ್ಕವಿದೆ: ಅವುಗಳ ನಡುವಿನ ರೋಧ, 50 ವೋಲ್ಟನ್ನು ರಕ್ಷಣಾ ಸಾಧನ ಬೀಳುವ ಕರೆಂಟಿನಿಂದ ಭಾಗಿಸಿದಾಗ ಬರುವ ಅಂಕಿಯನ್ನು ಮೀರಬಾರದು. 32 ಆಂಪಿಯರಿನ ಬಿ ಮಾದರಿಯ ಎಂಸಿಬಿ ತಕ್ಷಣ ಬೀಳುವ ಕರೆಂಟು 160 ಆಂಪಿಯರ್ ಎಂದು ಹಿಡಿದರೆ ಆ ಅಂಕಿ 0.31 ಓಮ್. ಅಗ್ಗದ ಮಲ್ಟಿಮೀಟರಿನಲ್ಲಿ ಇದನ್ನು ನಂಬುವಂತೆ ಅಳೆಯಲಾಗದು. ಕನಿಷ್ಠ 200 ಮಿಲಿಆಂಪಿಯರ್ ಹರಿಸುವ ಉಪಕರಣ ಬೇಕು.

ವಾಷ್‌ಬೇಸಿನ್ನಿನ ಕೆಳಗೆ ಟಾರ್ಚ್ ಹಿಡಿದು ನೋಡಿ. ಪೈಪಿನ ಬಣ್ಣ ಕೆರೆಯದೆ ಅದರ ಮೇಲೇ ಕ್ಲಾಂಪ್ ಬಿಗಿದಿರುತ್ತಾರೆ. ಲೋಹಕ್ಕೆ ಲೋಹ ತಾಗಿರುವುದೇ ಇಲ್ಲ. ಅಥವಾ ಪ್ಲಂಬರ್ ಒಂದು ಮೊಳ ತಾಮ್ರ ಕತ್ತರಿಸಿ ಪ್ಲಾಸ್ಟಿಕ್ ಸೇರಿಸಿ ಹೋಗಿರುತ್ತಾನೆ, ಬಿಚ್ಚಿದ ತಂತಿ ಗೋಡೆಗೆ ಒರಗಿಕೊಂಡಿರುತ್ತದೆ. ವರದಿಯ ಫೋಟೋದಲ್ಲಿ ಮಾತ್ರ ಹಸಿರು ತಂತಿ ಚೆನ್ನಾಗಿ ಬಂದಿರುತ್ತದೆ.

ನನ್ನ ಹಟವೊಂದನ್ನು ಹೇಳಿಬಿಡುತ್ತೇನೆ: ಸರಿಯಾಗಿ ಕಟ್ಟಿದ ಹಳೆಯ ಬಾಂಡಿಂಗನ್ನು ಆರ್‌ಸಿಡಿ ಬಂತೆಂದು ಕೀಳಿಸಬೇಡಿ. ನಿಯಮ ಬೇಡವೆನ್ನಬಹುದು. ಆರ್‌ಸಿಡಿ ಒಂದು ಯಂತ್ರ, ಒಳಗೇ ಕಚ್ಚಿಕೊಂಡು ಕೂರಬಲ್ಲದು. ತಾಮ್ರದ ತಂತಿಯಲ್ಲಿ ಕಚ್ಚಿಕೊಳ್ಳಲು ಏನೂ ಇಲ್ಲ.

ಪ್ರಶ್ನೆ: ಬಾಂಡಿಂಗ್ ತಂತಿ ಎಷ್ಟು ದಪ್ಪವಿರಬೇಕು?

ಉತ್ತರ: ಪೆಟ್ಟು ತಾಗದಂತೆ ಕೊಳವೆಯೊಳಗಿದ್ದರೆ ಕನಿಷ್ಠ 2.5, ಬಯಲಲ್ಲಿದ್ದರೆ ಕನಿಷ್ಠ 4 ಚದರ ಮಿಲಿಮೀಟರ್ ತಾಮ್ರ.

ಪ್ರಶ್ನೆ: ಅರ್ಥ್ ಪಿನ್ನನ್ನು ನ್ಯೂಟ್ರಲ್ಲಿಗೆ ಸೇರಿಸಿದರೆ ಸಾಕು ಎನ್ನುತ್ತಾರಲ್ಲ?

ಉತ್ತರ: ಹಾಗೆ ಹೇಳಿದವರನ್ನು ಮತ್ತೆ ಮನೆಯೊಳಗೆ ಸೇರಿಸಬೇಡಿ, ನ್ಯೂಟ್ರಲ್ ಕಡಿದ ಗಳಿಗೆಯಲ್ಲಿ ಉಪಕರಣದ ಮೈಯೆಲ್ಲ ಫೇಸ್ ಆಗುತ್ತದೆ.

ಪ್ರಶ್ನೆ: ಆರ್‌ಸಿಡಿಯ ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತದೆ. ಅರ್ಥಿಂಗ್ ಸರಿಯಿದೆ ಎಂದೇ ತಾನೇ?

ಉತ್ತರ: ಅಲ್ಲ. ಅರ್ಥ್ ತಂತಿಯೇ ಇಲ್ಲದ ಮನೆಯಲ್ಲೂ ಅದು ಬೀಳುತ್ತದೆ.

ಪ್ರಶ್ನೆ: ಕೆಲವು ದಿನಗಳಿಂದ ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತಿದೆ. ಬಾಂಡಿಂಗ್ ಹಾಕಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಪತ್ರ ಬರೆಯುವ ಮೊದಲು ಮೇನ್ ಸ್ವಿಚ್ ಆರಿಸಬೇಕಿತ್ತು. ಸೋರಿಕೆ ಎಲ್ಲಿದೆ ಎಂದು ಹುಡುಕದೆ ಬಾಂಡಿಂಗ್ ಹಾಕಿಸಿದರೆ ಜುಮ್ಮೆನ್ನುವುದು ನಿಂತೀತು, ದೋಷ ಹಾಗೇ ಉಳಿದೀತು. ಮೇನ್ ಆರಿಸಿದ ಮೇಲೂ ಜುಮ್ಮೆಂದರೆ ತೊಂದರೆ ಸರಬರಾಜು ಲೈನಿನದೇ ಇರಬಹುದು. ಆಗ ನಲ್ಲಿಯ ಹತ್ತಿರ ಯಾರನ್ನೂ ಬಿಡದೆ ವಿದ್ಯುತ್ ಪೂರೈಸುವವರ ತುರ್ತು ಸಂಖ್ಯೆಗೆ ಕರೆ ಮಾಡಿ, ಈಗಲೇ.