ಆ ಒಂದು ಸಾಲನ್ನು ಬಿಡಿಸಿ ಬರೆಯಿರಿ

ನಮಸ್ಕಾರ. ಉರಿಯೂತವಾದಾಗ ಬಿಳಿ ರಕ್ತಕಣಗಳು ಕರುಳಿನ ಎಪಿಥೀಲಿಯಂ, ಅಂದರೆ ಒಳಮೈ ಹೊದಿಸಿರುವ ಜೀವಕೋಶಗಳ ಪದರ, ದಾಟುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿದರೆ ಖಂಡಿತ ಮತ್ತೆ ಓದುತ್ತೇನೆ.

ರಕ್ತನಾಳದ ಭಾಗ ಚೆನ್ನಾಗಿದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ನಾಳದ ಒಳಮೈಗೆ ತಾಗಿ ಉರುಳುವುದು, ಅಂಟಿ ನಿಲ್ಲುವುದು, ನುಸುಳುವುದು ಎಲ್ಲ ಕಣ್ಣಿಗೆ ಕಟ್ಟುತ್ತದೆ. 1867ರಲ್ಲಿ ಜರ್ಮನ್ ರೋಗಶಾಸ್ತ್ರಜ್ಞ ಕೋನ್‌ಹೈಮ್ ಕಪ್ಪೆಯಲ್ಲಿ ಇದನ್ನು ಕಂಡ ಪ್ರಸಂಗವೂ ಇರಲಿ. ಆದರೆ ಆಮೇಲೆ? 'ನಂತರ ಅವು ಎಪಿಥೀಲಿಯಂ ದಾಟುತ್ತವೆ.' ಮುಗಿಯಿತು. ಲೇಖನದ ವಿಷಯವೇ ಅದು, ಅಲ್ವಾ?

ರಕ್ತನಾಳ ದಾಟುವುದೂ ಎಪಿಥೀಲಿಯಂ ದಾಟುವುದೂ ಒಂದೇ ಥರ ಅಂತ ನೀವು ಅಂದುಕೊಂಡಂತಿದೆ. ಅಲ್ಲ. ಎಪಿಥೀಲಿಯಂ ಬಳಿ ರಕ್ತದ ಹರಿವಿಲ್ಲ, ಹಾಗಾಗಿ ಉರುಳುವ ಮಾತೇ ಇಲ್ಲ. ಕಣವು ಈ ಪದರದ ಬುಡದ ಕಡೆಯಿಂದ ಬರುತ್ತದೆ. ತನ್ನ ಮೈಮೇಲಿನ ಸಿಡಿ11ಬಿ/ಸಿಡಿ18 ಎಂಬ ಪ್ರೋಟೀನಿನಿಂದ ಅಲ್ಲಿ ಹಿಡಿತ ಸಾಧಿಸುತ್ತದೆ. ಮತ್ತೆ ಎರಡು ಜೀವಕೋಶಗಳ ನಡುವಿನ ಸಂದಿಯಲ್ಲಿ ಮೈ ಹಿಂಡಿಕೊಂಡು ಮೇಲೇರುತ್ತದೆ. ಮೇಲ್ತುದಿಯಲ್ಲಿ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದಿರುತ್ತವೆ. ಆ ಬೆಸುಗೆ ಸಡಿಲಾಗಿ ದಾರಿ ಬಿಡುತ್ತದೆ, ಕಣ ದಾಟಿದ ಮೇಲೆ ಮುಚ್ಚಿಕೊಳ್ಳುತ್ತದೆ. ಕೆಲವೇ ಕಣ ಹೋದರೆ ತೊಂದರೆಯಿಲ್ಲ. ಹಿಂಡುಹಿಂಡಾಗಿ ನುಗ್ಗಿದರೆ ಪದರವೇ ಸೋರತೊಡಗುತ್ತದೆ. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತದ ಕಾಯಿಲೆ) ಇದ್ದವರ ಕರುಳಿನ ಸಣ್ಣ ಸಣ್ಣ ಕುಳಿಗಳಲ್ಲಿ ಕೀವು ತುಂಬುವುದು ಈ ದಾಟುವಿಕೆಯಿಂದಲೇ. ಇದೊಂದಕ್ಕೇ ಒಂದು ಪುಟ ಕೊಡಬಹುದು.

'ಸೈನಿಕರು', 'ರಣರಂಗ' ಎಲ್ಲ ತೆಗೆಯಿರಿ. ಅದರಿಂದಾಗಿ ಎಪಿಥೀಲಿಯಂ ಸುಮ್ನೆ ಬಿದ್ದಿರುವ ಬಯಲಿನಂತೆ ಕಾಣುತ್ತದೆ. ನಿಜಕ್ಕೂ ಕಣಗಳನ್ನು ಕರೆಯುವುದೇ ಅದು. ಬುಡದ ಕಡೆಗೆ ಐಎಲ್-8 ಎಂಬ ಸಂಕೇತ ಪ್ರೋಟೀನ್ ಬಿಟ್ಟು ಕಣಗಳನ್ನು ಹತ್ತಿರ ಬರಿಸಿಕೊಳ್ಳುತ್ತದೆ. ಮೇಲ್ಬದಿಯಲ್ಲಿ ಹೆಪಾಕ್ಸಿಲಿನ್ ಎ3 ಎಂಬ ಕೊಬ್ಬಿನ ಅಣು ಬಿಟ್ಟು ಆಚೆಗೆ ಎಳೆಯುತ್ತದೆ. ದಾಟಿದ ಕಣಗಳನ್ನು ತನ್ನ ಮೇಲ್ಮೈಯ ಐಕ್ಯಾಮ್-1 ಎಂಬ ಪ್ರೋಟೀನಿನಿಂದ ಹಿಡಿದೂ ಇಟ್ಟುಕೊಳ್ಳುತ್ತದೆ. ಈ ಮೂರು ಹೆಸರು ಸಾಕು, ಪಟ್ಟಿ ಬೆಳೆಸಬೇಡಿ.

ಶುರುವಿನ 'ಮಾನವ ದೇಹ ಒಂದು ಅದ್ಭುತ' ಪ್ಯಾರಾ ಬೇಡ. ಯೂರಿನ್ ರಿಪೋರ್ಟಿನಲ್ಲಿ 'ಪಸ್ ಸೆಲ್ಸ್' ಅಂತ ಬರೆದಿರುತ್ತಾರಲ್ಲ, ಅಲ್ಲಿಂದ ಶುರು ಮಾಡಿ. ಅವು ಹೆಚ್ಚಾಗಿ ಮೂತ್ರಮಾರ್ಗದ ಎಪಿಥೀಲಿಯಂ ದಾಟಿ ಬಂದ ನ್ಯೂಟ್ರೋಫಿಲ್‌ಗಳೇ. ಓದುವವರು ಆ ರಿಪೋರ್ಟ್ ನೋಡಿರುತ್ತಾರೆ.

ಇನ್ನೊಂದು: ನಿಮ್ಮ ಚಿತ್ರದಲ್ಲಿ ಬಾಣ ಕರುಳಿನ ಒಳಗಿನಿಂದ ರಕ್ತದ ಕಡೆಗಿದೆ. ತಿರುಗಿಸಿ ಕಳಿಸಿ.